ಅಪ್ಪನ ಟ್ರಂಕು, ಅಮ್ಮನ ಡಬ್ಬಿ

ಹೊಸಕೋಟೆ ತಾಲ್ಲೂಕಿನ ಐದು ಹೋಬಳಿಗಳಲ್ಲಿ ಒಂದಾದ ಅನುಗೊಂಡನಹಳ್ಳಿಯ ಕಡೆ ಈಗ ಹಳೆಯ ಮನೆಗಳನ್ನು ಕೆಡವಿ ಹೊಸ ಮನೆ ಕಟ್ಟುವ ಕಾಲ. ಒಂದು ಕಡೆಯಿಂದ ವೈಟ್‌ಫೀಲ್ಡ್ ಬೆಳೆಯುತ್ತ ಹತ್ತಿರ ಬಂದಿದೆ. ಇನ್ನೊಂದು ಕಡೆ ಹೊಸಕೋಟೆಯಿಂದ ಚೆನ್ನೈಗೆ ಹೊರಟ ಎಕ್ಸ್‌ಪ್ರೆಸ್ ಹೆದ್ದಾರಿ ಬಂದಿದೆ. ರಾಗಿ, ಹಿಪ್ಪುನೇರಳೆ, ತರಕಾರಿ ಬೆಳೆಯುತ್ತಿದ್ದ ಭೂಮಿಗೆ ಅಪ್ಪ, ತಾತ ಕನಸಿನಲ್ಲೂ ಎಣಿಸದಿದ್ದ ಬೆಲೆ ಬಂದಿದೆ. ಮನೆ ಕೆಡವಬೇಕಾದರೆ ಮೊದಲು ಅಟ್ಟ ಬರಿದು ಮಾಡಬೇಕು. ಆಗ ಇಳಿದು ಬರುವ ಸಾಮಾನುಗಳೇ ಬೇರೆ: ರೇಷ್ಮೆ ಹುಳು ಗೂಡು ಕಟ್ಟಲೆಂದು ಹಾಕುತ್ತಿದ್ದ ಬಿದಿರಿನ ಚಂದ್ರಿಕೆ, ಬಾಯಿ ಒಡೆದ ವಾಡೆ, ಕೂರಿಗೆಯ ತುಂಡು, ಇವೆಲ್ಲದರ ಹಿಂದೆ ತುಕ್ಕು ಹಿಡಿದ ತಗಡಿನ ಟ್ರಂಕು. ಅದರ ಬೀಗದ ಕೈ ಎಲ್ಲಿದೆಯೆಂದು ಬಲ್ಲವರು ತೀರಿಕೊಂಡಿರುತ್ತಾರೆ.

ಬೀಗ ಒಡೆದಾಗ ಮಕ್ಕಳು ಹುಡುಕುವುದು ಸಾಮಾನ್ಯವಾಗಿ ಒಡವೆ ಅಥವಾ ಹಣ. ಸಿಗುವುದು ಹೆಚ್ಚಾಗಿ ಕಾಗದ. ಮಡಿಕೆ ಮಡಿಕೆಯಲ್ಲಿ ಹರಿದ ಛಾಪಾ ಕಾಗದ, ಕಂದಾಯದ ರಸೀದಿ, ಗಿರವಿ ಚೀಟಿ, ರೇಡಿಯೋ ಲೈಸೆನ್ಸಿನ ಪುಸ್ತಕ, ಹೆಸರು ಗೊತ್ತಿಲ್ಲದವರ ಭಾವಚಿತ್ರ. ಎಷ್ಟೋ ಮನೆಗಳಲ್ಲಿ ಇವು ಅಲ್ಲಿಂದ ನೇರವಾಗಿ ನೀರೊಲೆಗೆ ಅಥವಾ ಗುಜರಿಯವನ ಗಾಡಿಗೆ ಹೋಗುತ್ತವೆ. ಆದರೆ ಈ ಕಾಗದಗಳನ್ನು ಓದುವ ಬಗೆ ತಿಳಿದರೆ ಎರಡು ಲಾಭ ಉಂಟು. ಒಂದು, ಹಕ್ಕಿನ ವಿಷಯ: ಮನೆಯವರ ಭೂಮಿ, ಹೆಣ್ಣುಮಕ್ಕಳ ಪಾಲು ಎಷ್ಟೋ ಸಲ ಇಂಥ ಒಂದು ಹಾಳೆಯ ಮೇಲೆಯೇ ನಿಂತಿರುತ್ತದೆ. ಇನ್ನೊಂದು, ನಾವು ಮೂವತ್ತು ನಲವತ್ತು ವರ್ಷ ಒಂದೇ ಸೂರಿನಡಿ ನೋಡಿದ ಅಪ್ಪ, ಅಮ್ಮ ನಾವು ತಿಳಿದಷ್ಟೇ ಆಗಿರಲಿಲ್ಲವೆಂಬ ಅರಿವು.

ಬಚ್ಚಿಟ್ಟದ್ದು ಎಲ್ಲಿ, ಏಕೆ

ಹಳೆಯ ಮೈಸೂರಿನ ರೈತನ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೋಣೆ ಇರಲಿಲ್ಲ. ಬೀಗ ಹಾಕುವಂಥ ಜಾಗವೂ ಕಡಿಮೆ. ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಮುಚ್ಚುತ್ತಿದ್ದರು. ಬರದ ವರ್ಷಕ್ಕೆ ಅದೇ ಆಧಾರ. ಒಡವೆಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕಾಳಿನ ವಾಡೆಯ ತಳದಲ್ಲಿ ಹೂಳುತ್ತಿದ್ದರು. ಕಾಗದವನ್ನು ಬಿದಿರಿನ ಗಳದೊಳಗೆ ಸುರುಳಿ ಸುತ್ತಿ ಸೂರಿನಲ್ಲಿ ಸಿಕ್ಕಿಸುವುದೂ ಇತ್ತು. ತಗಡಿನ ಟ್ರಂಕು ಬಂದ ಮೇಲೆ ಇವೆಲ್ಲ ಒಂದೇ ಕಡೆ ಸೇರಿದವು. ಟ್ರಂಕು ಮನೆಯ ಯಜಮಾನನದು. ಹೆಂಗಸರಿಗೆ ಉಳಿದದ್ದು ಅಡುಗೆಮನೆಯ ಸಾಸಿವೆ ಡಬ್ಬಿ, ಮದುವೆಯ ಸೀರೆಯ ಮಡಿಕೆ ಮತ್ತು ಸೊಂಟದಲ್ಲಿ ಸಿಕ್ಕಿಸುವ ಎಲೆ ಅಡಿಕೆಯ ಸಂಚಿ.

ಬಚ್ಚಿಡುವುದಕ್ಕೆ ಕಾರಣ ಕಳ್ಳರ ಭಯವೊಂದೇ ಆಗಿರಲಿಲ್ಲ. ಓದುಬರಹ ಬಾರದವನಿಗೆ ಕಾಗದವೆಂದರೆ ಭಯ. ಅದರಲ್ಲಿ ಏನಿದೆಯೆಂದು ತನಗೆ ಗೊತ್ತಿಲ್ಲ. ಆದರೆ ಅದು ಹೋದರೆ ಜಮೀನು ಹೋಯಿತೆಂಬುದು ಮಾತ್ರ ಚೆನ್ನಾಗಿ ಗೊತ್ತು. ಆದ್ದರಿಂದ ಬೇಕಾದದ್ದು ಯಾವುದು, ಬೇಡವಾದದ್ದು ಯಾವುದು ಎಂದು ಆರಿಸದೆ ಸರ್ಕಾರದ ಮುದ್ರೆಯಿದ್ದ ಪ್ರತಿಯೊಂದು ಹಾಳೆಯನ್ನೂ ಜೋಪಾನ ಮಾಡಿದರು. ಇಂದಿನವರಿಗೆ ಕಸದಂತೆ ಕಾಣುವ ಆ ರಾಶಿ ಹುಟ್ಟಿದ್ದು ಹೀಗೆ.

ಕಾಗದದ ಕಾಲ ತಿಳಿಯುವುದು

ಹಳೆಯ ಹಾಳೆಯೊಂದು ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಅದರ ನೆತ್ತಿಯನ್ನು. ಮೈಸೂರು ಸಂಸ್ಥಾನದ ಛಾಪಾ ಕಾಗದವಾದರೆ ಗಂಡಭೇರುಂಡದ ಲಾಂಛನವೋ ಮಹಾರಾಜರ ಹೆಸರೋ ಇರಬಹುದು. ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡದ್ದು 1940ರ ಆಗಸ್ಟಿನಲ್ಲಿ. ಜಯಚಾಮರಾಜ ಒಡೆಯರ ಹೆಸರಿದ್ದರೆ ಕಾಗದ ಅದರಿಂದೀಚಿನದು. ‘ಮೈಸೂರು ರಾಜ್ಯ’ ಎಂದಿದ್ದರೆ ಅದು 1973ರ ನವೆಂಬರ್ 1ಕ್ಕಿಂತ ಹಿಂದಿನದೆಂದು ತಿಳಿಯಬಹುದು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು ಅಂದು. ಮೊತ್ತವನ್ನು ರೂಪಾಯಿ, ಆಣೆ, ಪೈಗಳಲ್ಲಿ ಬರೆದಿದ್ದರೆ 1957ರ ಏಪ್ರಿಲ್ 1ಕ್ಕೆ ಮುಂಚಿನ ಲೆಕ್ಕ. ಅಂದಿನಿಂದ ರೂಪಾಯಿಗೆ ನೂರು ಪೈಸೆ. ಅದಕ್ಕೆ ಮೊದಲು ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ‘ನಯಾಪೈಸೆ’ ಎಂದಿದ್ದರೆ 1957ಕ್ಕೂ 1964ಕ್ಕೂ ನಡುವಿನದು. ಕೆಲವು ಪತ್ರಗಳಲ್ಲಿ ಸಂವತ್ಸರದ ಹೆಸರು ಮಾತ್ರ ಇರುತ್ತದೆ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುವುದರಿಂದ, ‘ವಿಜಯ ಸಂವತ್ಸರ’ ಎಂದಿದ್ದರೆ ಅದು 1953-54 ಆಗಿರಬಹುದು, ಇಲ್ಲವೇ 2013-14. ಶಾಯಿ ನೋಡಿದರೆ ಯಾವುದೆಂದು ತಿಳಿಯುತ್ತದೆ.

ಇನ್ನು ಭಾಷೆ. ಕಂದಾಯದ ಪತ್ರಗಳಲ್ಲಿ ಪಾರಸಿ, ಅರಬ್ಬಿ ಮೂಲದ ಮಾತುಗಳು ತುಂಬಿವೆ. ಖುಷ್ಕಿ ಎಂದರೆ ಮಳೆ ನಂಬಿದ ಹೊಲ. ತರಿ ಎಂದರೆ ನೀರಾವರಿ ಗದ್ದೆ. ಬಾಗಾಯ್ತು ಎಂದರೆ ತೋಟ. ಖರಾಬು ಎಂದರೆ ಸಾಗುವಳಿಗೆ ಬಾರದ ನೆಲ. ಹೆಸರಿನ ಮುಂದೆ ‘ಬಿನ್’ ಎಂದಿದ್ದರೆ ಇಂಥವರ ಮಗ, ‘ಕೋಂ’ ಎಂದಿದ್ದರೆ ಇಂಥವರ ಹೆಂಡತಿ. ಕೊನೆಯಲ್ಲಿ ‘ಬಿಕಲಂ’ ಎಂದು ಬರೆದು ಸಹಿ ಮಾಡಿದವನು ಪತ್ರ ಬರೆದುಕೊಟ್ಟ ಬರಹಗಾರ. ನಾಲ್ಕು ದಿಕ್ಕಿನ ಎಲ್ಲೆ ಹೇಳುವ ಭಾಗ ಚಕ್ಕುಬಂದಿ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಕೆರೆಯ ಕಾಲುವೆ ಎಂದು ಬರೆದದ್ದನ್ನು ಓದುವಾಗ, ಈಗ ಮುಚ್ಚಿಹೋದ ಓಣಿ ಕಾಲುವೆಗಳೂ ಕಣ್ಣಮುಂದೆ ಬರುತ್ತವೆ. ಅಳತೆಯಲ್ಲಿ 16 ಆಣೆಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಅದಕ್ಕೂ ಹಿಂದಿನ ರೂಢಿಯಲ್ಲಿ ಭೂಮಿಯನ್ನು ಅಳೆಯುತ್ತಿದ್ದದ್ದು ಅದಕ್ಕೆ ಬೇಕಾಗುವ ಬಿತ್ತನೆಯ ಕಾಳಿನಿಂದ: ಕೊಳಗದ ನೆಲ, ಖಂಡುಗದ ಗದ್ದೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ.

ಕ್ರಯಪತ್ರಗಳಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾದ ಎಂಟು ಬಗೆಯ ಹಕ್ಕುಗಳನ್ನು ಎಣಿಸುವ ‘ಅಷ್ಟಭೋಗ’ದ ಒಕ್ಕಣೆ ಕಾಣುತ್ತದೆ. ಇದು ಬರಹಗಾರನ ಆಡಂಬರವೆಂದು ತಿಳಿಯಬೇಕಾಗಿಲ್ಲ. ದಾನಶಾಸನಗಳಲ್ಲಿ ನೂರಾರು ವರ್ಷಗಳಿಂದ ಬಂದ ಮಾತು ಅದು. ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟ ಬೆಂಗಳೂರು ಜಿಲ್ಲೆಯದು. ಹೊಸಕೋಟೆ ತಾಲ್ಲೂಕಿನ ಕಲ್ಲುಬರಹಗಳೂ ಅದರಲ್ಲಿವೆ. ಕಲ್ಲಿನ ಮೇಲೆ ಅರಸರು ಕೊರೆಸಿದ ಮಾತೇ ಒಂದೆರಡು ಎಕರೆಯ ರೈತನ ಟ್ರಂಕಿನೊಳಗೂ ಬಂದು ಕುಳಿತಿದೆ.

ಇನ್ನೂ ಹಳೆಯ ಮನೆಗಳಲ್ಲಿ, ಅದರಲ್ಲೂ ಶಾನುಭೋಗರ, ವರ್ತಕರ ಮನೆಗಳಲ್ಲಿ, ಕಪ್ಪು ಬಟ್ಟೆಯ ಮಡಿಕೆ ಪುಸ್ತಕ ಸಿಗುವುದುಂಟು. ಅದೇ ಕಡತ. ಬಟ್ಟೆಗೆ ಹುಣಿಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿ, ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ಬೇಡವಾದಾಗ ಅಳಿಸಿ ಮತ್ತೆ ಬರೆಯಬಹುದಾಗಿತ್ತು. ಕಚೇರಿಯ ಫೈಲಿಗೆ ಇಂದು ಕಡತವೆನ್ನುವುದು ಈ ಬಟ್ಟೆಯ ಪುಸ್ತಕದ ಹೆಸರಿನಿಂದಲೇ.

ನಮೂನೆ ಏಳರ ಅಪ್ಪ

ಹೊಸಕೋಟೆಯಂಥ ತಾಲ್ಲೂಕಿನ ಟ್ರಂಕುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಮಾತಾಡುವ ಹಾಳೆ ಭೂಸುಧಾರಣೆಯದು. ಕರ್ನಾಟಕ ಭೂಸುಧಾರಣಾ ಕಾಯಿದೆ 1961ರದೇ ಆದರೂ ಅದಕ್ಕೆ ಹಲ್ಲು ಬಂದದ್ದು ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿಯಿಂದ. 1974ರ ಮಾರ್ಚ್ 1ರಂದು ಗೇಣಿಯಲ್ಲಿದ್ದ ಭೂಮಿಯೆಲ್ಲ ಸರ್ಕಾರದ ವಶವಾಯಿತು. ಉಳುತ್ತಿದ್ದವನು ನಮೂನೆ 7ರಲ್ಲಿ ಅರ್ಜಿ ಹಾಕಿ, ತಾಲ್ಲೂಕಿನ ಭೂನ್ಯಾಯಮಂಡಳಿಯ ಮುಂದೆ ತಾನು ಗೇಣಿದಾರನೆಂದು ತೋರಿಸಿ, ಭೂಮಿಯನ್ನು ತನ್ನ ಹೆಸರಿಗೆ ಪಡೆಯಬಹುದಾಗಿತ್ತು. ಅರ್ಜಿ ಹಾಕಲು ಕೊನೆಯ ದಿನವನ್ನು ಮುಂದೂಡುತ್ತ 1979ರ ಜೂನ್ 30ರವರೆಗೆ ತಂದರು. ರಾಜ್ಯದಲ್ಲಿ ಸುಮಾರು ಎಂಟು ಲಕ್ಷ ಅರ್ಜಿಗಳು ಬಂದವು. ತೀರ್ಮಾನ ತನ್ನ ಪರವಾಗಿ ಆದವನಿಗೆ ಕೊನೆಗೆ ಸಿಗುತ್ತಿದ್ದದ್ದು ನಮೂನೆ 10, ಅಂದರೆ ಅಧಿಭೋಗದಾರನೆಂಬ ನೋಂದಣಿ ಪತ್ರ.

ಈ ಕಾಯಿದೆಯ ಒಂದು ನಿಯಮ ಇಂದಿನ ಮಕ್ಕಳಿಗೆ ಅಷ್ಟಾಗಿ ಗೊತ್ತಿಲ್ಲ. 1974ರ ತಿದ್ದುಪಡಿಯ ಪ್ರಕಾರ ನ್ಯಾಯಮಂಡಳಿಯ ಮುಂದೆ ವಕೀಲರು ಬರುವಂತಿರಲಿಲ್ಲ. ಒಡೆಯನೂ ಒಕ್ಕಲೂ ತಮ್ಮ ತಮ್ಮ ಮಾತನ್ನು ತಾವೇ ಆಡಬೇಕಾಗಿತ್ತು. ಹಿಂದಿನ ದಿನದವರೆಗೂ ಯಾರ ಮನೆಯ ಜಗಲಿಯ ಕೆಳಗೆ ಕೈಕಟ್ಟಿ ನಿಂತು ವಾರದ ರಾಗಿ ಅಳೆದು ಬರುತ್ತಿದ್ದನೋ, ಅದೇ ಒಡೆಯನ ಎದುರಿನಲ್ಲಿ ‘ಈ ಹೊಲ ನಾನು ಉತ್ತದ್ದು’ ಎಂದು ಹೇಳುವುದು ಸುಲಭದ ಮಾತಾಗಿರಲಿಲ್ಲ. ಹೇಳಿದ ಮೇಲೂ ಅದೇ ಊರಿನಲ್ಲಿ ಬಾಳಬೇಕಿತ್ತು. ಸಾಕ್ಷಿ ನುಡಿಯುವೆನೆಂದ ನೆರೆಯವನು ಕೊನೆಯ ಗಳಿಗೆಯಲ್ಲಿ ಹಿಂದೆ ಸರಿಯುವುದೂ ಇತ್ತು. ಮನೆಯಲ್ಲಿ ಎರಡು ಮಾತಿಗಿಂತ ಹೆಚ್ಚು ಆಡದ, ಪಂಚಾಯ್ತಿ ಕಟ್ಟೆಯಲ್ಲಿ ಹಿಂದೆ ಕೂರುತ್ತಿದ್ದ ಅಪ್ಪನ ಹೆಬ್ಬೆಟ್ಟು ನಮೂನೆ 7ರ ಕೆಳಗೆ ಕಂಡರೆ, ಅವನು ಒಮ್ಮೆಯಾದರೂ ಎದ್ದುನಿಂತು ಮಾತಾಡಿದವನೆಂದು ತಿಳಿಯಬೇಕು.

ಹೀಗೆ ಬಂದ ಭೂಮಿಯನ್ನು ಹದಿನೈದು ವರ್ಷ ಪರಭಾರೆ ಮಾಡುವಂತಿರಲಿಲ್ಲ. ಆದ್ದರಿಂದ ಆದೇಶದ ದಿನಾಂಕ ಇಂದಿಗೂ ಮುಖ್ಯ. ಆ ಅವಧಿಯೊಳಗೆ ಬಿಳಿ ಕಾಗದದ ಮೇಲೆ ಆದ ಮಾರಾಟದ ಕರಾರುಗಳು ಈಗ ನ್ಯಾಯಾಲಯಗಳಲ್ಲಿ ತಕರಾರಾಗಿ ನಿಂತಿವೆ. ಕಚೇರಿಯ ಕಡತ ಕಳೆದುಹೋದ ಕಡೆ ಮನೆಯ ಟ್ರಂಕಿನ ಪ್ರತಿಯೇ ಉಳಿದಿರುವ ಪುರಾವೆಯಾಗಬಹುದು.

ಇನ್ನೊಂದು ಮುಖವನ್ನೂ ಹೇಳಬೇಕು. ಅದೇ ಆದೇಶದ ಇನ್ನೊಂದು ಪ್ರತಿ ಬೇರೊಂದು ಮನೆಯ ಟ್ರಂಕಿನಲ್ಲಿರುತ್ತದೆ. ಗಂಡ ಸತ್ತ ಮೇಲೆ ಇದ್ದ ಮೂರು ಎಕರೆಯನ್ನು ವಾರಕ್ಕೆ ಕೊಟ್ಟು ಅದರಲ್ಲೇ ಮಕ್ಕಳನ್ನು ಸಾಕುತ್ತಿದ್ದ ವಿಧವೆಯೂ ಕಾಯಿದೆಯ ಕಣ್ಣಿಗೆ ಒಡೆಯಳೇ. ಸೈನಿಕರು, ನಾವಿಕರಿಗೆ ವಿನಾಯಿತಿ ಇತ್ತು, ಆಕೆಗೆ ಇರಲಿಲ್ಲ. ಆ ಮನೆಯ ಮಕ್ಕಳಿಗೆ ಅದು ಕಳೆದುಕೊಂಡದ್ದರ ಕಾಗದ. ಒಂದು ಕಾಲವನ್ನು ಸರಿಯಾಗಿ ತಿಳಿಯಬೇಕಾದರೆ ಎರಡೂ ಟ್ರಂಕುಗಳನ್ನು ತೆರೆಯಬೇಕು.

ತೋಟಿ, ನೀರಗಂಟಿ, ಜೀತ

ದಲಿತರ, ಕೈಕಸುಬಿನವರ ಮನೆಗಳಲ್ಲಿ ಸಿಗುವ ಕಾಗದ ಬೇರೆ ಬಗೆಯದು. ಊರಿನ ತೋಟಿ, ತಳವಾರ, ನೀರಗಂಟಿಯರಿಗೆ ಸಂಬಳದ ಬದಲು ಇನಾಂ ಭೂಮಿ ಇತ್ತು. ಪಟೇಲ, ಶಾನುಭೋಗರಂತೆ ಅವರ ಹುದ್ದೆಗಳೂ ವಂಶಪಾರಂಪರ್ಯ. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆ 1963ರ ಫೆಬ್ರುವರಿ 1ರಂದು ಜಾರಿಗೆ ಬಂದಾಗ ಈ ಹುದ್ದೆಗಳೆಲ್ಲ ಒಮ್ಮೆಗೇ ಹೋದವು. ಭೂಮಿಯನ್ನು ಆಯಾ ಕುಟುಂಬಗಳಿಗೆ ಮತ್ತೆ ಮಂಜೂರು ಮಾಡಲಾಯಿತು. ಕೆರೆಯ ತೂಬು ಎತ್ತಿ ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂದು ಹಂಚುತ್ತಿದ್ದ ನೀರಗಂಟಿಯ ಮೊಮ್ಮಕ್ಕಳಿಗೆ ಸಿಗುವ ಮರುಮಂಜೂರಾತಿ ಆದೇಶ ಬರೀ ಭೂಮಿಯ ಪತ್ರವಲ್ಲ. ಕೆರೆಗಳು ಬತ್ತಿ ಕೊಳವೆಬಾವಿ ಬಂದ ಮೇಲೆ ಇಲ್ಲವಾದ ಒಂದು ಕಸುಬಿನ ಕೊನೆಯ ಸಾಕ್ಷಿ ಅದು.

ಸರ್ಕಾರಿ ಭೂಮಿ ಮಂಜೂರಾದವರಿಗೆ ಕೊಟ್ಟದ್ದು ಸಾಗುವಳಿ ಚೀಟಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಹೀಗೆ ಬಂದ ಭೂಮಿ ಅಗ್ಗದ ಬೆಲೆಗೆ ಕೈಬಿಟ್ಟು ಹೋಗುತ್ತಿದ್ದುದನ್ನು ತಡೆಯಲು 1978ರ ಕಾಯಿದೆ ಬಂತು; ಜನರ ಬಾಯಲ್ಲಿ ಅದು ಪಿ.ಟಿ.ಸಿ.ಎಲ್. 1979ರ ಜನವರಿ 1ರಿಂದ ಜಾರಿಯಾದ ಈ ಕಾಯಿದೆ, ಮಂಜೂರಾತಿಯ ಷರತ್ತು ಮೀರಿ ಆದ ಮಾರಾಟವನ್ನು ಅಸಿಂಧುವೆನ್ನುತ್ತದೆ. 1984ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಬಹಳ ತಡವಾಗಿ ಬಂದ ಅರ್ಜಿಗಳಿಗೆ 2017ರ ತೀರ್ಪೊಂದು ಅಡ್ಡಿಯಾದಾಗ, ರಾಜ್ಯ ವಿಧಾನಮಂಡಲ 2023ರಲ್ಲಿ ತಿದ್ದುಪಡಿ ತಂದು ಕಾಲಮಿತಿಯಿಲ್ಲವೆಂದಿತು. ಇಂಥ ಅರ್ಜಿಯಲ್ಲಿ ಮೊದಲು ಕೇಳುವ ಪ್ರಶ್ನೆ ಮಂಜೂರಾದದ್ದು ಯಾವಾಗ, ಷರತ್ತು ಏನಿತ್ತು ಎಂಬುದು. ಉತ್ತರವಿರುವುದು ಸಾಗುವಳಿ ಚೀಟಿಯಲ್ಲಿ.

ಕೆಲವು ಟ್ರಂಕುಗಳಲ್ಲಿ ಇನ್ನೂ ಒಂದು ಕಾಗದ ಇರುತ್ತದೆ, ಅದರ ಬಗ್ಗೆ ಮಕ್ಕಳಿಗೆ ಯಾರೂ ಹೇಳಿರುವುದಿಲ್ಲ: ಜೀತ ವಿಮುಕ್ತಿಯ ಪತ್ರ. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆಯಾಗಿ ಬಂದು 1976ರಲ್ಲಿ ಕಾಯಿದೆಯಾದ ಜೀತಪದ್ಧತಿ ರದ್ದಿಯಾತಿಯಿಂದ, ತಾತ ಮಾಡಿದ ಸಾಲಕ್ಕೆ ದುಡಿಯುತ್ತಿದ್ದವರ ಋಣ ಕಾನೂನಿನ ಪ್ರಕಾರ ಹರಿಯಿತು. ಬಿಡುಗಡೆಯಾದವನು ಮುಂದೆ ಮದುವೆಯಾಗಿ, ಮನೆ ಕಟ್ಟಿ, ಮಕ್ಕಳನ್ನು ಓದಿಸಿದ. ತಾನು ಜೀತದಾಳಾಗಿದ್ದೆನೆಂದು ಹೇಳಲಿಲ್ಲ. ಆದರೆ ಆ ಪತ್ರವನ್ನು ಹರಿದೂ ಹಾಕಲಿಲ್ಲ. ಹೇಳಿದರೆ ಅವಮಾನ, ಹರಿದರೆ ಮತ್ತೆ ಯಾರಾದರೂ ಹಳೆಯ ಸಾಲ ಕೇಳಿಯಾರೆಂಬ ಭಯ. ಎರಡರ ನಡುವೆ ಟ್ರಂಕೇ ಸರಿಯಾದ ಜಾಗ.

ಅಮ್ಮನ ಡಬ್ಬಿ

ಅಪ್ಪನ ಟ್ರಂಕಿನಲ್ಲಿ ಸರ್ಕಾರವಿದ್ದರೆ ಅಮ್ಮನ ಡಬ್ಬಿಯಲ್ಲಿರುವುದು ಸಂಸಾರದ ಲೆಕ್ಕ. ಇಡೀ ದೇಶದ ಡಬ್ಬಿಗಳು ಒಂದೇ ವಾರದಲ್ಲಿ ಹೊರಬಿದ್ದ ಘಟನೆ ನಮ್ಮ ಕಾಲದಲ್ಲೇ ನಡೆದಿದೆ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾದಾಗ, ಅವನ್ನು ಬ್ಯಾಂಕಿಗೆ ಕಟ್ಟಲು ಇದ್ದದ್ದು ಡಿಸೆಂಬರ್ 30ರವರೆಗೆ ಮಾತ್ರ. ಗಂಡನಿಗೆ ತಿಳಿಯದಂತೆ ಹಾಲು ಮಾರಿ, ಹೂವು ಕಟ್ಟಿ, ಕಳೆ ಕೀಳುವ ಕೂಲಿಯಲ್ಲಿ ಉಳಿಸಿದ ಹಣವನ್ನು ಹೆಂಗಸರು ಬೇರೆ ದಾರಿಯಿಲ್ಲದೆ ಹೊರಗೆ ತೆಗೆದರು. ಆಗ ಮನೆಗಳಲ್ಲಿ ನಗೆಚಾಟಿಕೆಯೂ ಆಯಿತು, ಜಗಳವೂ ಆಯಿತು. ಎರಡೂವರೆ ಲಕ್ಷದವರೆಗಿನ ಗೃಹಿಣಿಯರ ಠೇವಣಿಯನ್ನು ಪ್ರಶ್ನಿಸುವುದಿಲ್ಲವೆಂದು ಸರ್ಕಾರ ಹೇಳಬೇಕಾಯಿತು.

ಇದನ್ನು ಕದ್ದುಮುಚ್ಚಿದ ಹಣವೆಂದು ಕರೆದವರಿಗೆ ಕಾನೂನು ಗೊತ್ತಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೆಯ ಕಲಮಿನ ಪ್ರಕಾರ ಹಿಂದೂ ಹೆಂಗಸು ತನ್ನದಾಗಿ ಪಡೆದ ಆಸ್ತಿಗೆ ಅವಳೇ ಪೂರ್ಣ ಒಡತಿ. ತವರಿನಿಂದ ಬಂದ ಒಡವೆ ಸ್ತ್ರೀಧನ. ಅದು ಗಂಡನ ಮನೆಯ ಸೊತ್ತಲ್ಲವೆಂದು 1985ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ. ಡಬ್ಬಿಯ ಹಣ ಆಕೆಯ ಬ್ಯಾಂಕು. ಗಂಡ ಕುಡಿದು ಬಂದ ದಿನ, ಮಗುವಿಗೆ ಜ್ವರ ಬಂದ ರಾತ್ರಿ, ಮಗಳ ಶಾಲೆಯ ಫೀಜಿಗೆ ಕೊನೆಯ ದಿನ: ಯಾರ ಮುಂದೆಯೂ ಕೈಯೊಡ್ಡದೆ ಸಾಗಬೇಕಾದರೆ ಅದು ಗುಟ್ಟಾಗಿಯೇ ಇರಬೇಕಿತ್ತು.

ಡಬ್ಬಿಯ ತಳದಲ್ಲಿ ಸಿಗುವ ಗಿರವಿ ಚೀಟಿಗಳನ್ನು ದಿನಾಂಕದ ಪ್ರಕಾರ ಜೋಡಿಸಿ ನೋಡಿದರೆ ಒಂದು ಸಂಸಾರದ ಚರಿತ್ರೆಯೇ ತೆರೆದುಕೊಳ್ಳುತ್ತದೆ. ಜೂನ್ ತಿಂಗಳ ಚೀಟಿಯಾದರೆ ಶಾಲೆಯ ಖರ್ಚೋ ಬಿತ್ತನೆಯೋ ಇರಬೇಕು. ಸುಗ್ಗಿಯ ನಂತರ ಬಿಡಿಸಿಕೊಂಡ ಗುರುತು ಇರುತ್ತದೆ. ಓಲೆ ಹೋಗಿ ಬಂದಿದೆ, ಮತ್ತೆ ಹೋಗಿದೆ, ಒಂದು ವರ್ಷ ಬರಲೇ ಇಲ್ಲ. ‘ಅಮ್ಮನಿಗೆ ಒಡವೆಯ ಆಸೆ ಇರಲಿಲ್ಲ’ ಎಂದು ಮಕ್ಕಳು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಆ ಓಲೆ ಯಾವ ವರ್ಷ, ಯಾರ ಓದಿಗಾಗಿ ಹೋಯಿತೆಂಬುದನ್ನು ಚೀಟಿ ಹೇಳುತ್ತದೆ.

ಹೆಬ್ಬೆಟ್ಟು ಒತ್ತಿದ ಹೆಣ್ಣುಮಕ್ಕಳು

ಟ್ರಂಕಿನಿಂದ ಬರುವ ಇನ್ನೆರಡು ಕಾಗದಗಳು ಮನೆಯನ್ನೇ ಒಡೆಯಬಲ್ಲವು: ಪಾಲುಪಟ್ಟಿ ಮತ್ತು ಹಕ್ಕು ಬಿಡುಗಡೆ ಪತ್ರ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಂಗಸರ ಆಸ್ತಿ ಹಕ್ಕಿಗೆ ಒಂದು ಕಾಯಿದೆ ಮಾಡಿ, ಪಾಲಾಗುವಾಗ ಮನೆಯ ಹೆಂಗಸರಿಗೂ ಭಾಗವಿದೆಯೆಂದಿತ್ತು. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ. 1994ರ ಜುಲೈ 30ರಂದು ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ, ಅಂದಿಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮ ಪಾಲು ಕೊಟ್ಟಿತು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಮದುವೆಯ ಭೇದವನ್ನೂ ತೆಗೆಯಿತು. ತಂದೆ ಆ ದಿನ ಬದುಕಿರಲೇಬೇಕೆಂದಿಲ್ಲ, ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೆ 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ವಿಭಾಗವನ್ನು ಅಲುಗಿಸುವಂತಿಲ್ಲ. ಆದ್ದರಿಂದ ಪಾಲುಪಟ್ಟಿ ಸಿಕ್ಕರೆ ಮೊದಲು ನೋಡಬೇಕಾದದ್ದು ಎರಡು: ದಿನಾಂಕ ಯಾವುದು, ಅದು ನೋಂದಣಿಯಾಗಿದೆಯೇ.

ಹಕ್ಕು ಬಿಡುಗಡೆ ಪತ್ರದ ಕಥೆ ಬೇರೆ. ‘ಅರಿಶಿನ ಕುಂಕುಮಕ್ಕೆ’ ಎಂದು ಒಂದಿಷ್ಟು ಹಣ ಪಡೆದು, ಅಣ್ಣತಮ್ಮಂದಿರ ಪರವಾಗಿ ಹಕ್ಕು ಬಿಟ್ಟಿರುವೆನೆಂದು ಅಕ್ಕತಂಗಿಯರು ರುಜು ಹಾಕಿದ ಪತ್ರ ಅದು. ತವರಿನ ಬಾಗಿಲು ಮುಚ್ಚಬಾರದೆಂದು ಹಾಕಿದವರೇ ಹೆಚ್ಚು. ಹೊಲಕ್ಕೆ ಬೆಲೆಯಿಲ್ಲದ ಕಾಲದಲ್ಲಿ ಅದು ದೊಡ್ಡ ತ್ಯಾಗವಾಗಿ ಕಾಣಲಿಲ್ಲ. ಈಗ ಅದೇ ಹೊಲ ಬಡಾವಣೆಯಾಗುವಾಗ ಅದು ಬೇರೆಯಾಗಿ ಕಾಣುತ್ತದೆ. ಇಂಥ ಪತ್ರ ಕೈಗೆ ಬಂದ ಗಂಡುಮಕ್ಕಳು ಅದನ್ನು ಗೆಲುವಿನ ಪತ್ರವೆಂದು ನೋಡಬಹುದು, ಇಲ್ಲವೇ ಸೋದರತ್ತೆಯ ಹೆಬ್ಬೆಟ್ಟಿನ ಮುಂದೆ ಒಂದು ಗಳಿಗೆ ನಿಲ್ಲಬಹುದು. ಕಾನೂನು ಏನೇ ಹೇಳಲಿ, ಆಕೆ ಅಂದು ಬಿಟ್ಟುಕೊಟ್ಟದ್ದು ಎಷ್ಟೆಂದು ಲೆಕ್ಕ ಹಾಕುವುದು ನಮ್ಮ ಕೈಯಲ್ಲಿದೆ.

ಹೇಳದೆ ಉಳಿದದ್ದು

ಎಲ್ಲ ಕಾಗದವೂ ಆಸ್ತಿಯದಾಗಿರುವುದಿಲ್ಲ. ತುರ್ತುಪರಿಸ್ಥಿತಿಯ ಕಾಲದ ಸಂತಾನಹರಣ ಶಸ್ತ್ರಚಿಕಿತ್ಸೆಯ ಪ್ರಮಾಣಪತ್ರ ಅಂಥದೊಂದು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ ಎಂಬತ್ತು ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳು ನಡೆದವು. ಅವುಗಳಲ್ಲಿ ಹೆಚ್ಚಿನವು ಗಂಡಸರವು. ಹಲವೆಡೆ ಬಲವಂತ ನಡೆದದ್ದನ್ನು, ಸಾಲ ಸೌಲಭ್ಯಗಳಿಗೆ ಆ ಪತ್ರ ಕೇಳಿದ್ದನ್ನು ಮುಂದೆ ಷಾ ಆಯೋಗ ದಾಖಲಿಸಿತು. ಟ್ರಂಕಿನಲ್ಲಿ ಅದು ಸಿಕ್ಕಾಗ ಅಪ್ಪ ಸ್ವಇಚ್ಛೆಯಿಂದ ಹೋದನೋ, ನಿವೇಶನದ ಹಕ್ಕುಪತ್ರಕ್ಕಾಗಿ ಹೋದನೋ, ಎಳೆದೊಯ್ದರೋ ಎಂಬುದನ್ನು ಕಾಗದ ಹೇಳುವುದಿಲ್ಲ. ಅದನ್ನು ಕೇಳಬೇಕಾಗಿತ್ತು, ಕೇಳುವ ಹೊತ್ತು ಮೀರಿದೆ.

ದೊಡ್ಡವರ ವಿಷಯದಲ್ಲೂ ಹೀಗೆಯೇ. ಅನುಗೊಂಡನಹಳ್ಳಿಗೆ ಬಹಳ ದೂರವಲ್ಲದ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ. 1975ರ ಅಕ್ಟೋಬರ್ 7ರಂದು ತೀರಿಕೊಂಡ ಮೇಲೆ, ಅವರ ಪೆಟ್ಟಿಗೆಯಲ್ಲಿ ನಗದು ಮಾಡಿಸದ ಚೆಕ್ಕುಗಳು ದೊರೆತವೆಂಬ ಮಾತು ಕನ್ನಡ ನಾಡಿನಲ್ಲಿ ಬಹುಕಾಲದಿಂದ ಪ್ರಚಲಿತವಾಗಿದೆ. 1970ರಲ್ಲಿ ನಾಗರಿಕರು ಅರ್ಪಿಸಿದ ಒಂದು ಲಕ್ಷ ರೂಪಾಯಿಯ ನಿಧಿಯನ್ನು ಅವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟದ್ದು ಎಲ್ಲರ ಎದುರಿನಲ್ಲಿ ನಡೆದದ್ದು. ಜನ ಹೆಚ್ಚು ನೆನೆಯುವುದು ಮಾತ್ರ ಪೆಟ್ಟಿಗೆಯ ಮಾತನ್ನೇ. ಯಾರೂ ನೋಡದಾಗ ಮನುಷ್ಯ ಹೇಗಿದ್ದನೆಂಬುದು ಅದರಲ್ಲಿ ಕಾಣುವುದರಿಂದ.

ಮನೆಯೊಳಗೆ ಮುಚ್ಚಿದ್ದು ಹೊರಬಂದು ನಾಡಿನ ಸೊತ್ತಾದ ಉದಾಹರಣೆಯೂ ಉಂಟು. ಫ.ಗು. ಹಳಕಟ್ಟಿಯವರು ವಚನಗಳ ತಾಳೆಗರಿಗಳನ್ನು ಹುಡುಕಿ ತಂದದ್ದು ಹೆಚ್ಚಾಗಿ ಮನೆ ಮಠಗಳಿಂದ; ಪೂಜೆಗಿಟ್ಟು, ಬಿಚ್ಚಿ ಓದದೆ ಉಳಿದ ಕಟ್ಟುಗಳೂ ಅವುಗಳಲ್ಲಿದ್ದವು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚಾದಾಗ ಕನ್ನಡಿಗರು ತಮ್ಮ ಹಿರಿಯರನ್ನು ಹೊಸದಾಗಿ ಕಂಡರು. ಉತ್ತರದಲ್ಲಿ ಆಂಚಲ್ ಮಲ್ಹೋತ್ರಾ ಎಂಬ ಲೇಖಕಿ, ದೇಶ ವಿಭಜನೆಯಲ್ಲಿ ಗಡಿ ದಾಟಿಬಂದ ತಮ್ಮ ಮನೆಯ ಹಿರಿಯರ ಒಂದು ಲೋಹದ ಬಿಂದಿಗೆ ಮತ್ತು ಬಟ್ಟೆ ಅಳೆಯುವ ಗಜಕೋಲಿನ ಜಾಡು ಹಿಡಿದು ಹೊರಟು, ಅಂಥ ಸಾಮಾನುಗಳ ಮೂಲಕವೇ ವಿಭಜನೆಯ ಚರಿತ್ರೆ ಬರೆದರು. ಅಮೃತಸರದಲ್ಲಿ 2017ರಲ್ಲಿ ತೆರೆದ ವಿಭಜನೆಯ ವಸ್ತುಸಂಗ್ರಹಾಲಯ ತುಂಬಿರುವುದು ಇಂಥ ಮನೆಯ ಸಾಮಾನುಗಳಿಂದಲೇ.

ಈಗ ಮಾಡಬಹುದಾದದ್ದು

2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಗ್ರಾಮಲೆಕ್ಕಿಗನ ಕೈಬರಹದ ಪಹಣಿ ನಿಂತಿತು. ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಕೆಲಸವೂ ಇತ್ತೀಚೆಗೆ ನಡೆದಿದೆ. ಆದರೆ ಮನೆಯ ಟ್ರಂಕನ್ನು ಸ್ಕ್ಯಾನ್ ಮಾಡಲು ಯಾವ ಸರ್ಕಾರವೂ ಬರುವುದಿಲ್ಲ. ಆ ಕೆಲಸ ಮಕ್ಕಳದೇ.

ಕೆಲಸ ದೊಡ್ಡದೇನೂ ಅಲ್ಲ. ಮಡಿಚಿದ ಹಾಳೆಯನ್ನು ಜಗ್ಗಿ ಬಿಡಿಸಬಾರದು. ಲ್ಯಾಮಿನೇಷನ್ ಮಾಡಿಸಬಾರದು; ಒಮ್ಮೆ ಅಂಟಿದ ಪ್ಲಾಸ್ಟಿಕ್ಕು ಮತ್ತೆ ಬಿಡುವುದಿಲ್ಲ, ಮುದ್ರೆ ಶಾಯಿಗಳನ್ನು ಪರೀಕ್ಷಿಸುವುದೂ ಕಷ್ಟವಾಗುತ್ತದೆ. ನೆರಳಿನ ಬೆಳಕಿನಲ್ಲಿ ಎರಡೂ ಬದಿಯ ಚಿತ್ರ ತೆಗೆದು, ಕಾಗದವನ್ನು ಒಣ ಜಾಗದಲ್ಲಿ ಚಪ್ಪಟೆಯಾಗಿ ಇಟ್ಟರೆ ಸಾಕು. ಭಾವಚಿತ್ರಗಳ ಹಿಂದೆ ಪೆನ್ಸಿಲಿನಿಂದ ಹೆಸರು ಬರೆಯಬೇಕು. ಹೆಸರು ಬಲ್ಲವರು ಮನೆಯಲ್ಲಿ ಒಬ್ಬಿಬ್ಬರೇ ಉಳಿದಿರುತ್ತಾರೆ. ಭೂಮಿಯ ಪತ್ರಗಳನ್ನು ಮಧ್ಯವರ್ತಿಯ ಕೈಗೆ ಕೊಡುವ ಮುನ್ನ ಅಕ್ಕತಂಗಿಯರೂ ಸೇರಿದಂತೆ ಎಲ್ಲರ ಎದುರು ಓದಬೇಕು. ಓದಲು ಬಾರದಿದ್ದರೆ ಊರಿನ ಹಳೆಯ ಬರಹಗಾರರನ್ನೋ ನಿವೃತ್ತ ಗ್ರಾಮಲೆಕ್ಕಿಗರನ್ನೋ ಕೇಳಿದರೆ ಸಂತೋಷದಿಂದ ಹೇಳುತ್ತಾರೆ.

ಇವೆಲ್ಲಕ್ಕಿಂತ ಮೊದಲು, ಅಪ್ಪ ಅಮ್ಮ ಬದುಕಿರುವ ಮನೆಗಳಲ್ಲಿ ಒಂದು ಮಧ್ಯಾಹ್ನ ಅವರನ್ನೇ ಕೂರಿಸಿಕೊಂಡು ಟ್ರಂಕು ತೆರೆಯಿಸಬೇಕು. ಆಸ್ತಿಯ ಲೆಕ್ಕಕ್ಕೆಂದು ಕೇಳಿದರೆ ಅವರ ಬಾಯಿ ಕಟ್ಟುತ್ತದೆ. ‘ಈ ದಿನ ತಾಲ್ಲೂಕು ಕಚೇರಿಗೆ ಯಾರ ಜೊತೆ ಹೋಗಿದ್ದೆ, ಅಪ್ಪಾ?’ ಎಂದು ಕೇಳಿದರೆ, ಹೊಸಕೋಟೆಗೆ ನಡೆದುಹೋದ ದಾರಿ, ಬುತ್ತಿ ಕಟ್ಟಿಕೊಟ್ಟವರು, ಸಾಕ್ಷಿ ಹೇಳಿದವರು, ಹೇಳಲು ಹೆದರಿದವರು ಎಲ್ಲರೂ ಒಬ್ಬೊಬ್ಬರಾಗಿ ಮಾತಿನಲ್ಲಿ ಬರುತ್ತಾರೆ. ಅಮ್ಮನ ಓಲೆಯ ಚೀಟಿಯನ್ನು ಬಿಡಿಸಿಕೊಳ್ಳದ ಆ ವರ್ಷ ಏನಾಗಿತ್ತೆಂದು ಆಕೆಯೇ ಹೇಳಿಯಾಳು. ಹೇಳದಿದ್ದರೂ ಬೇಸರ ಬೇಡ. ಕೇಳುವವರು ಮನೆಯಲ್ಲಿ ಇದ್ದಾರೆಂಬುದು ಆಕೆಗೆ ತಿಳಿದರೆ, ಇವತ್ತಲ್ಲದಿದ್ದರೆ ಮುಂದಿನ ಹಬ್ಬಕ್ಕಾದರೂ ಮಾತು ಬಂದೀತು.